ಅನ್ನನಿಂದೆಯೂ ಅಂಗನಿಂದೆಯೂ

ನಮ್ಮ ರಾಯಚೂರು ಸೀಮೆಯ ಮನೆಗಳಲ್ಲಿ ರೊಟ್ಟಿಯ ಬುಟ್ಟಿಗೆ ಬೀಗವೆಂಬುದಿಲ್ಲ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿ ಜೋಡಿಸಿಟ್ಟರೆ ಆ ಖಡಕ್ ರೊಟ್ಟಿಯು ಬಹುದಿನ ಕೆಡುವುದಿಲ್ಲ. ಹಸಿದವರು ಕೈಹಾಕಿ ತೆಗೆದುಕೊಳ್ಳುವುದು, ಗುರೆಳ್ಳುಪುಡಿಯೊಡನೆಯೋ ಶೇಂಗಾಹಿಂಡಿಯೊಡನೆಯೋ ತಿನ್ನುವುದು, ಇಷ್ಟೇ ಅದರ ಶಾಸ್ತ್ರ. ಹೀಗಿರಲಾಗಿ, ಸಿಂಧನೂರಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಕಳೆದ ವರ್ಷ ಈ ಬುಟ್ಟಿಯ ರೊಟ್ಟಿಗಳು ರಾತ್ರಿಯ ಹೊತ್ತು ಕಡಮೆಯಾಗತೊಡಗಿದುವು. ಇಲಿಯ ಕಾಟವಿರಬೇಕೆಂದು ಅವಳು ಬುಟ್ಟಿಯ ಮೇಲೊಂದು ಕಲ್ಲನ್ನಿಟ್ಟಳು. ಒಂದು ದಿನ ನಡುರಾತ್ರಿ ದಾಟಿದ ಮೇಲೆ ಅಡುಗೆಮನೆಯಿಂದ ರೊಟ್ಟಿ ಮುರಿಯುವ ಸದ್ದು ಕೇಳಿಬಂದಿತು. ಎದ್ದು ಹೋಗಿ ನೋಡಿದರೆ, ದೀಪವನ್ನೂ ಹಾಕದೆ, ಕತ್ತಲೆಯಲ್ಲಿ ನೆಲದ ಮೇಲೆ ಕುಳಿತು ಅವಳ ಮಗಳೇ ರೊಟ್ಟಿಯ ಮೇಲೆ ರೊಟ್ಟಿ ತಿನ್ನುತ್ತಿದ್ದಳು. ತಾಯಿಯನ್ನು ಕಂಡೊಡನೆ ಆ ಹುಡುಗಿಯು, ಕಳವು ಮಾಡಿ ಸಿಕ್ಕಿಬಿದ್ದವರಂತೆ, ಎರಡು ಕೈಗಳಿಂದಲೂ ಮುಖ ಮುಚ್ಚಿಕೊಂಡು ಅತ್ತಳಂತೆ.

ತನ್ನ ಮನೆಯಲ್ಲಿ ತನ್ನ ತಾಯಿ ಬಡಿದ ರೊಟ್ಟಿಯನ್ನು ಕಳ್ಳಳಂತೆ ತಿನ್ನಬೇಕಾದ ದುರ್ದೆಶೆಯು ಇಪ್ಪತ್ತೆರಡು ವರುಷದ ಹುಡುಗಿಗೆ ಹೇಗೆ ಬಂದಿತು? ಆ ಕಥೆಯಲ್ಲಿ ನನ್ನ ಪಾಲೂ ಇದೆ. ಆದಕಾರಣ ಅದನ್ನು ಮರೆಮಾಚದೆ ವಾಚಕರ ಮುಂದಿಡುತ್ತೇನೆ.

ಅದಕ್ಕೆ ಐದಾರು ತಿಂಗಳ ಹಿಂದೆ ಅವಳನ್ನು ನೋಡಲು ವರನ ಕಡೆಯವರು ಬಂದಿದ್ದರು. ಅವಲಕ್ಕಿ ತಿಂದು, ಚಹಾ ಕುಡಿದು, ಹೊರಡುವಾಗ ಅವರಲ್ಲೊಬ್ಬ ಹಿರಿಯಾಕೆಯು ಹೊಸ್ತಿಲ ಬಳಿ ನಿಂತು, “ಹುಡುಗಿ ಚೊಲೊ ಅದಾಳ. ಆದ್ರ ಸ್ವಲ್ಪ ಮೈ ಇಳಸ್ರಿ” ಎಂದರು. ಸಂಬಂಧವು ಕೂಡಿಬರಲಿಲ್ಲ, ಮಾತು ಮಾತ್ರ ಮನೆಯಲ್ಲಿ ಉಳಿಯಿತು. ಹುಡುಗಿಯು ಫೋನಿನಲ್ಲಿ ಯಾರೋ ಉಪದೇಶಿಸಿದ ಪಥ್ಯವನ್ನು ಹಿಡಿದಳು: ಮುಂಜಾನೆ ಬಿಸಿನೀರು ಲಿಂಬೆರಸ, ಮಧ್ಯಾಹ್ನ ಸೌತೆಕಾಯಿ ಮಜ್ಜಿಗೆ, ರಾತ್ರಿ ಏನೂ ಇಲ್ಲ. ತೂಕದ ಯಂತ್ರವೊಂದು ಮನೆಗೆ ಬಂದಿತು. ದಿನಕ್ಕೆ ಮೂರು ಬಾರಿ ಅದನ್ನು ಏರಿ ಇಳಿಯುವುದು, ಅದು ತೋರಿಸಿದ ಅಂಕಿಯ ಮೇರೆಗೆ ಆ ದಿನದ ಸುಖದುಃಖಗಳು!

ಮೂರು ತಿಂಗಳ ತರುವಾಯ ಲಿಂಗಸುಗೂರಿನಲ್ಲಿ ನಮ್ಮ ಬಂಧುಗಳ ಮನೆಯ ಮದುವೆ. ಮಸ್ಕಿಯಿಂದ ನಾನೂ ಹೋಗಿದ್ದೆನು. ಸೊಸೆಯನ್ನು ಕಂಡು, ಎಲ್ಲರೂ ಕೇಳುವಂತೆ, “ಭೇಷ್! ಈಗ ಲಕ್ಷಣವಾಗಿ ಕಾಣುತ್ತೀ ನೋಡು” ಎಂದುಬಿಟ್ಟೆನು. ಮಕ್ಕಳನ್ನು ಮೆಚ್ಚಿ ಬೆನ್ನು ತಟ್ಟುವುದು ಮೂವತ್ತೈದು ವರ್ಷದ ಉಪಾಧ್ಯಾಯವೃತ್ತಿಯಿಂದ ಅಂಟಿದ ಅಭ್ಯಾಸ. ಏನನ್ನು ಮೆಚ್ಚುತ್ತಿದ್ದೇನೆಂದು ಆ ಕ್ಷಣ ವಿಚಾರಿಸಲಿಲ್ಲ. ರೊಟ್ಟಿಯ ಸಂಗತಿ ಹೊರಬಿದ್ದ ಮೇಲೆ ಹೋಗಿ ಅವಳೆದುರು ಕುಳಿತಾಗ ಅವಳು ತಲೆಯೆತ್ತದೆ ಹೇಳಿದ್ದು ಇಷ್ಟು: “ಮಾಮಾ, ನೀವು ಅವತ್ತ ಭೇಷ್ ಅಂದ್ರಿ. ಆ ಮರುದಿನದಿಂದ ನಾ ಮಧ್ಯಾಹ್ನದ ಮಜ್ಜಿಗೀನೂ ಬಿಟ್ಟೆ.” ಆ ಹೊತ್ತಿಗೆ ಅವಳ ಕೂದಲು ಉದುರುತ್ತಿತ್ತು, ತಿಂಗಳ ಮುಟ್ಟು ನಿಂತಿತ್ತು, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲಿಡುತ್ತಿತ್ತು.

ರಾತ್ರಿಯ ರೊಟ್ಟಿಯು ಅವಳ ಚಪಲವಲ್ಲ, ದೇಹಧರ್ಮವೇ ಎಂಬುದಕ್ಕೆ ದೂರದೇಶದ ಸಾಕ್ಷಿಯೊಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶಾಸ್ತ್ರಜ್ಞನು 36 ಮಂದಿ ಆರೋಗ್ಯವಂತ ತರುಣರನ್ನು ಅವರ ಒಪ್ಪಿಗೆಯಿಂದಲೇ 24 ವಾರ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದನು. ಯುದ್ಧದಲ್ಲಿ ಹಸಿದು ಬಳಲಿದ ಜನರನ್ನು ಮರಳಿ ಹೇಗೆ ಪೋಷಿಸಬೇಕೆಂಬುದನ್ನು ತಿಳಿಯುವುದು ಉದ್ದೇಶವಾಗಿತ್ತು. ಅವರಿಗೆ ದಿನಕ್ಕೆ ದೊರೆತದ್ದು ಸುಮಾರು 1570 ಕ್ಯಾಲೊರಿಯ ಆಹಾರ. ಈಗ ಫೋನಿನಲ್ಲಿ ಹರಡುವ ಎಷ್ಟೋ ಪಥ್ಯಗಳು ಇಷ್ಟನ್ನೂ ಕೊಡುವುದಿಲ್ಲವೆಂಬುದನ್ನು ಗೃಹಸ್ಥರು ಗಮನಿಸಬೇಕು. ಆ ತರುಣರ ತೂಕವು ಕಾಲುಭಾಗದಷ್ಟು ಇಳಿಯಿತು. ಅದರೊಡನೆ ಅವರ ಮನಸ್ಸೂ ಇಳಿಯಿತು. ಬೇರೆ ವಿಷಯಗಳಲ್ಲಿ ಆಸಕ್ತಿ ಹೋಗಿ ಊಟದ ಚಿಂತೆಯೊಂದೇ ಉಳಿಯಿತು. ಅಡುಗೆಯ ಪುಸ್ತಕಗಳನ್ನು ಕಾದಂಬರಿಯಂತೆ ಓದತೊಡಗಿದವರಿದ್ದರು, ನಿಯಮ ಮುರಿದು ಕದ್ದು ತಿಂದು ಪಶ್ಚಾತ್ತಾಪಪಟ್ಟವರಿದ್ದರು. ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದರೂ ತೃಪ್ತಿಯಾಗದವರೂ ಇದ್ದರು. ಇವರು ದೃಢಮನಸ್ಕರಾದ ಗಂಡಸರು. ಹಸಿವನ್ನು ಹಗಲೆಲ್ಲ ಹೊಡೆದೋಡಿಸಿದರೆ ಅದು ರಾತ್ರಿ ಹಿತ್ತಿಲ ಬಾಗಿಲಿನಿಂದ ಬರುತ್ತದೆ. ಬಂದಾಗ ಮಿತವನ್ನು ಅರಿಯುವುದಿಲ್ಲ. ತಿಂದವಳು ತನಗೆ ಮನೋಬಲವಿಲ್ಲವೆಂದು ತನ್ನನ್ನೇ ಹಳಿದುಕೊಂಡು ಮರುದಿನ ಮತ್ತಷ್ಟು ಉಪವಾಸ ಮಾಡುತ್ತಾಳೆ. ಈ ಗಾಣದ ಸುತ್ತು ಹೀಗೆಯೇ ನಡೆಯುತ್ತದೆ.

ಈಗ ನಾನೋದಿದ ಶಾಸ್ತ್ರದ ಕಡೆಗೆ ಬರುತ್ತೇನೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಲೋಕವು ನಿಂದಿಸುವ ಎಂಟು ಬಗೆಯ ದೇಹಗಳನ್ನು ಹೇಳುವ ಅಧ್ಯಾಯವೊಂದುಂಟು: ಅತಿ ಎತ್ತರದವನು, ಅತಿ ಕುಳ್ಳನು, ಮೈಯೆಲ್ಲ ರೋಮವುಳ್ಳವನು, ರೋಮವೇ ಇಲ್ಲದವನು, ಅತಿ ಕಪ್ಪು, ಅತಿ ಬಿಳುಪು, ಅತಿ ಸ್ಥೂಲ, ಅತಿ ಕೃಶ. ಲೋಕದ ಬಾಯಿ ಯಾರನ್ನೂ ಬಿಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹಳೆಯ ಪಟ್ಟಿ ಬೇಕೆ? ಚರಕನು ಈ ಎಂಟರಲ್ಲಿ ಕೊನೆಯ ಎರಡನ್ನು ಮಾತ್ರ ಆಯ್ದು ಚಿಕಿತ್ಸೆಯನ್ನು ವಿಚಾರಿಸುತ್ತಾನೆ. ಆ ಎರಡಕ್ಕೂ ‘ಅತಿ’ ಎಂಬ ಮಾತು ಸೇರಿರುವುದನ್ನು ಮರೆಯಬಾರದು. ಒಳ್ಳೆಯ ದೇಹದ ಲಕ್ಷಣವನ್ನು ಹೇಳುವಾಗ ಮಾಂಸದ ಸಮತೆಯೊಂದಿಗೆ, ಹಸಿವು ನೀರಡಿಕೆ ಬಿಸಿಲು ಚಳಿ ದುಡಿಮೆಗಳನ್ನು ಅದು ತಾಳಬಲ್ಲುದೇ ಎಂಬುದನ್ನೂ ನೋಡುತ್ತಾನೆ. ಸಿಂಧನೂರಿನ ಗದ್ದೆಗಳಲ್ಲಿ ಮೊಳಕಾಲುದ್ದದ ಕೆಸರಿನಲ್ಲಿ ಬಾಗಿ ದಿನವೆಲ್ಲ ಭತ್ತದ ನಾಟಿ ಮಾಡುವ ತಾಯಂದಿರನ್ನು ಕಂಡವರಿಗೆ ಈ ಲಕ್ಷಣವು ಬೇಗ ಅರ್ಥವಾದೀತು. ಅವರಲ್ಲಿ ದಪ್ಪನವರೂ ಇದ್ದಾರೆ, ಸಣ್ಣವರೂ ಇದ್ದಾರೆ.

ಇನ್ನು ಊಟದ ಪ್ರಮಾಣ. ಅದು ಉಣ್ಣುವವನ ಜಠರಾಗ್ನಿಯ ಬಲವನ್ನು ಅವಲಂಬಿಸಿದೆ ಎಂದೇ ಚರಕನ ಮತ. ಪ್ರಮಾಣ ಸರಿಯಾಯಿತೆಂದು ತಿಳಿಯಲು ಅವನು ತಕ್ಕಡಿಯನ್ನು ತರಿಸುವುದಿಲ್ಲ. ಹೊಟ್ಟೆ ಭಾರವಾಗದಿರುವುದು, ಹಸಿವು ನೀರಡಿಕೆ ಅಡಗಿರುವುದು, ಇಂದ್ರಿಯಗಳು ಪ್ರಸನ್ನವಾಗಿರುವುದು, ಕೂಡುವುದು ನಡೆಯುವುದು ಉಸಿರಾಡುವುದು ನಗುವುದು ಮಾತಾಡುವುದು ಇವೆಲ್ಲ ಸುಖವಾಗಿರುವುದು, ಇಂಥ ಗುರುತುಗಳನ್ನು ಕೊಡುತ್ತಾನೆ. ಎಂದರೆ ಅಳತೆಯ ಪಾತ್ರೆಯು ಉಣ್ಣುವವರ ಒಳಗೇ ಇದೆ. ಹೆಚ್ಚು ಉಂಡರೆ ಬರುವ ದೋಷವನ್ನು ಹೇಳಿದಂತೆಯೇ ಕಡಮೆ ಉಂಡರೆ ಬಲ, ವರ್ಣ, ಬುದ್ಧಿಗಳಿಗೆ ಒದಗುವ ಕೇಡನ್ನೂ ಹೇಳಿದ್ದಾನೆ. ಈ ಎರಡನೆಯದನ್ನು ನಾವು ಓದಿಯೂ ಓದದವರಂತಿದ್ದೇವೆ. ಅಲ್ಲೇ ಇನ್ನೊಂದು ಮಾತಿದೆ: ಆಹಾರವು ಪಥ್ಯವಾಗಿದ್ದರೂ, ಮಿತವಾಗಿದ್ದರೂ, ಚಿಂತೆ ಶೋಕ ಭಯ ಕ್ರೋಧಗಳೊಡನೆ ಉಂಡದ್ದು ಜೀರ್ಣವಾಗುವುದಿಲ್ಲವೆಂದು. ನಾಲ್ಕು ಸೌತೆಕಾಯಿ ಹೋಳನ್ನು ನಡುಗುತ್ತ ತಿನ್ನುವವಳಿಗೆ ಅದು ಮೈಗೂಡುವುದೆಂತು?

ವಾಚಕರು ತಪ್ಪು ತಿಳಿಯಬಾರದು. ನಾನೇ ಮಧುಮೇಹಿ, ದಿನವೂ ಗುಳಿಗೆ ನುಂಗುವವನು. ರೋಗವಿದ್ದವರಿಗೆ ವೈದ್ಯರು ನಾಡಿ ನೋಡಿ, ರಕ್ತ ನೋಡಿ ವಿಧಿಸಿದ ಪಥ್ಯವು ಬೇರೆಯೇ ಮಾತು. ಅದನ್ನು ಪಾಲಿಸತಕ್ಕದ್ದೇ. ಹೊಸ್ತಿಲ ಬಳಿ ನಿಂತವರು ವಿಧಿಸಿದ ಪಥ್ಯವನ್ನು ಕುರಿತು ನನ್ನ ಆಕ್ಷೇಪ.

ನಮ್ಮ ಸೀಮೆಯ ತಟ್ಟೆಯು ಕಂಡ ಮಾನಾಪಮಾನಗಳೂ ಸ್ವಾರಸ್ಯವಾಗಿವೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಬರುವುದಕ್ಕೆ ಮೊದಲು ಸಿಂಧನೂರಿನ ಕಡೆಯೂ ಲಿಂಗಸುಗೂರಿನಂತೆ ಜೋಳ, ಸಜ್ಜೆ, ನವಣೆಗಳ ನಾಡು. ಅನ್ನವೆಂಬುದು ಹಬ್ಬದ ಮಾತೆಂದು ನಮ್ಮಜ್ಜಿ ಹೇಳುತ್ತಿದ್ದಳು. ನೀರು ಬಂದ ಮೇಲೆ ಭತ್ತ ಬಂದಿತು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳೂ ಇದೇ ತಾಲ್ಲೂಕಿನಲ್ಲಿ ನೆಲೆಸಿದರು. ಇಂದು ಒಂದೇ ತಾಲ್ಲೂಕಿನಲ್ಲಿ ರೊಟ್ಟಿ ಪುಂಡಿಪಲ್ಯದ ಮನೆಯೂ, ಅನ್ನ ಉಪ್ಪಿನಕಾಯಿಯ ಮನೆಯೂ, ಅನ್ನ ಮೀನಿನ ಮನೆಯೂ ಇವೆ. ಮೂರು ಮನೆಗಳ ಮಕ್ಕಳೂ ಬೆಳೆದು ದೊಡ್ಡವರಾಗಿದ್ದಾರೆ. ಅನ್ನವೇ ವಿಷವೆಂದೋ ರೊಟ್ಟಿಯೇ ಅಮೃತವೆಂದೋ ಸಾರುವವರು ಒಮ್ಮೆ ಸಿಂಧನೂರಿನ ಸಂತೆಯಲ್ಲಿ ನಿಂತು ನೋಡಲಿ.

ನಾನು ಶಾಲೆಗೆ ಸೇರಿದ ಹೊಸತರಲ್ಲಿ, ಮಧ್ಯಾಹ್ನದ ಬುತ್ತಿಯಲ್ಲಿ ರೊಟ್ಟಿ ತಂದ ಹುಡುಗರು, ಅನ್ನ ತಂದವರ ಮುಂದೆ ಬಿಚ್ಚಲು ನಾಚಿ ಗಿಡದ ಮರೆಗೆ ಹೋಗುತ್ತಿದ್ದರು. ಸಜ್ಜೆ ನವಣೆಗಳು ಬಡವರ ಕಾಳೆನಿಸಿದ್ದುವು. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಈಗ ಅದೇ ನವಣೆಯು ಬಣ್ಣದ ಚೀಲದಲ್ಲಿ, ಮೈ ಇಳಿಸುವ ಔಷಧವೆಂಬ ಬಿರುದಿನೊಡನೆ, ನಗರಗಳಲ್ಲಿ ಮಾರಾಟವಾಗುತ್ತಿದೆ. ಬೆಳೆದವರಿಗೆ ನಾಲ್ಕು ಕಾಸು ಬಂದರೆ ಸಂತೋಷವೇ. ಆದರೆ ಮೊದಲು ನಾಚಿಕೆಯಿಂದ ತಿಂದೆವು, ಈಗ ಔಷಧವೆಂದು ಮೂಗು ಹಿಡಿದು ತಿನ್ನುತ್ತೇವೆ. ಸಂಕ್ರಾಂತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನು ಎಣ್ಣೆಗಾಯಿಯೊಡನೆ ರುಚಿಗಾಗಿಯೇ ತಿನ್ನುವ ನಡುದಾರಿಯೊಂದು ಇದೆಯಲ್ಲವೆ?

ಗೃಹಿಣಿಯರ ಊಟದ ಸಂಗತಿಯನ್ನು ಹೇಳದೆ ಬಿಟ್ಟರೆ ಈ ಲೇಖನವು ಅಪೂರ್ಣವಾದೀತು. ನಮ್ಮ ಬಹುಮಂದಿ ಮನೆಗಳಲ್ಲಿ ಬಡಿಸುವವಳು ಕೊನೆಗೆ ಉಣ್ಣುತ್ತಾಳೆ. ಉಳಿದದ್ದೇ ಅವಳ ಪ್ರಮಾಣ. ಪಲ್ಯ ಮುಗಿದಿದ್ದರೆ ಖಾರಪುಡಿ, ಏನೂ ಇಲ್ಲದಿದ್ದರೆ ನೀರು. ಹೆಚ್ಚು ಉಳಿದ ದಿನ ಕೆಡಬಾರದೆಂದು ಅದನ್ನೂ ಅವಳೇ ತಿನ್ನಬೇಕು. ತನ್ನ ಹಸಿವೆಷ್ಟೆಂದು ಅವಳನ್ನು ಯಾರೂ ಕೇಳಿದ್ದಿಲ್ಲ, ಅವಳೂ ಕೇಳಿಕೊಂಡಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇಂಥ ದೇಶದಲ್ಲಿ ಹೆಣ್ಣುಮಕ್ಕಳಿಗೆ ಊಟ ಬಿಡಿರೆಂದು ಬೋಧಿಸುವವರ ಧೈರ್ಯಕ್ಕೆ ಏನೆನ್ನೋಣ!

ಸಿಂಧನೂರಿನ ವೈದ್ಯೆಯೊಬ್ಬರು ನನ್ನ ಸೊಸೆಯನ್ನು ನೋಡಿದರು. ರಕ್ತಕ್ಕೆ ಔಷಧ ಕೊಟ್ಟರು. ರಾಯಚೂರಿನಲ್ಲಿ ಮನೋವೈದ್ಯರನ್ನೂ ಒಮ್ಮೆ ಕಾಣಬೇಕೆಂದರು, ಕಂಡದ್ದೂ ಆಯಿತು. ಮನೆಯವರಿಗೆ ಅವರು ಹೇಳಿದ್ದು ಸರಳವಾದುದು: ಹೊತ್ತಿಗೆ ಸರಿಯಾಗಿ ಮೂರು ಊಟವನ್ನು ಎಲ್ಲರೊಡನೆ ಮಾಡಲಿ, ಯಾವ ಪದಾರ್ಥವನ್ನೂ ನಿಷೇಧಿಸಬೇಡಿ, ತಟ್ಟೆಯನ್ನು ಕಾಯುತ್ತ ಕೂಡಬೇಡಿ, ಮೈಯ ಮಾತನ್ನು ಹೊಗಳಿಕೆಯಾಗಿಯೂ ಆಡಬೇಡಿ, ತೂಕದ ಯಂತ್ರವನ್ನು ಕಣ್ಣಿಗೆ ಮರೆಮಾಡಿ. ‘ಹೊಗಳಿಕೆಯಾಗಿಯೂ’ ಎಂಬಲ್ಲಿ ನನ್ನ ತಂಗಿಯು ನನ್ನ ಮುಖವನ್ನು ನೋಡಿದಳು.

ಆ ಯಂತ್ರದ ವಿಚಾರವಾಗಿ ಒಂದು ಮಾತು. ಎತ್ತರಕ್ಕೂ ತೂಕಕ್ಕೂ ಗಂಟುಹಾಕಿ ಎಲ್ಲರ ದೇಹಕ್ಕೂ ಅಂಕ ಕೊಡುವ ಲೆಕ್ಕವೊಂದು ಈಗ ಪ್ರಚಾರದಲ್ಲಿದೆ. ಅದರ ಮೂಲಪುರುಷನು ವೈದ್ಯನಲ್ಲ. ಬೆಲ್ಜಿಯಮ್ ದೇಶದ ಕೆಟ್ಲೆ ಎಂಬ ಖಗೋಳಜ್ಞನು 1830ರ ದಶಕದಲ್ಲಿ, ಜನಸಮೂಹದ ಸರಾಸರಿ ಮನುಷ್ಯನು ಹೇಗಿರುತ್ತಾನೆಂದು ತಿಳಿಯಲು ಅದನ್ನು ಹೂಡಿದನು. ಅದಕ್ಕೆ ಈಗಿನ ಹೆಸರು ಬಂದದ್ದು 1972ರಲ್ಲಿ, ಮೇಲೆ ಹೇಳಿದ ಕೀಸ್ ಮಹಾಶಯನಿಂದಲೇ. ಸಮೂಹವನ್ನು ಅರಿಯಲು ಅದು ಉಪಯುಕ್ತ, ವೈದ್ಯರಿಗೂ ಒಂದು ಸೂಚನೆಯಾದೀತು. ಒಬ್ಬ ಹುಡುಗಿಯ ಆರೋಗ್ಯವನ್ನಾಗಲಿ ಲಕ್ಷಣವನ್ನಾಗಲಿ ಅದೊಂದೇ ನಿರ್ಣಯಿಸಲಾರದು. ತರಗತಿಯ ಸರಾಸರಿ ಅಂಕವನ್ನು ನೋಡಿ ಒಬ್ಬ ವಿದ್ಯಾರ್ಥಿಯನ್ನು ಹೊಡೆದ ಮೇಷ್ಟರನ್ನು ಯಾರೂ ಮೆಚ್ಚುವುದಿಲ್ಲ. ಅಂದಹಾಗೆ ಆ ಯಂತ್ರವು ಈಗ ನನ್ನ ಭಾವನ ವಶದಲ್ಲಿದೆ, ಅದರ ಮೇಲೆ ಶೇಂಗಾ ತೂಗುತ್ತಾನೆ.

ನಾನು ಮುಂಜಾನೆ ತಿರುಗಾಡುವ ದಾರಿಯು ಮಸ್ಕಿಯ ಅಶೋಕನ ಶಾಸನದ ಕಡೆಗೆ ಹೋಗುತ್ತದೆ. 1915ರಲ್ಲಿ ಬೀಡನ್ ಎಂಬ ಇಂಜಿನಿಯರನು ಚಿನ್ನ ಹುಡುಕುತ್ತ ಬಂದು ಕಂಡ ಕಲ್ಲು ಅದು. ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದು ಅದರಿಂದ ಸ್ಪಷ್ಟವಾಯಿತು. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಧರ್ಮದ ಫಲ ದೊರೆಯುವುದೆಂದು ಅದರ ಅಭಿಪ್ರಾಯ. ಅದು ಅಂತಸ್ತಿನ ಮಾತೇ ಹೊರತು ಮೈಯ ಗಾತ್ರದ ಮಾತಲ್ಲವೆಂದು ಬಲ್ಲೆನು. ಆದರೂ ದೀಪಾವಳಿಗೆ ಬಂದಿದ್ದ ಸೊಸೆಗೆ ಅಲ್ಲಿ ನಿಂತು ಇದನ್ನು ಹೇಳಿದಾಗ ಅವಳು ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕಳು. ಅಂದು ಮಧ್ಯಾಹ್ನ ಎರಡು ಬಿಸಿರೊಟ್ಟಿಯನ್ನೂ ಅನ್ನಸಾರನ್ನೂ ಉಂಡಳು. ಹೋಳಿಗೆಯನ್ನು ಮಾತ್ರ ಅರ್ಧ ಮುರಿದು ಬಹಳ ಹೊತ್ತು ನೋಡುತ್ತ ಕುಳಿತಿದ್ದಳು, ಕಡೆಗೆ ತಿಂದಳು. ಯಾರೂ ಏನೂ ಅನ್ನಲಿಲ್ಲ. ನನ್ನ ತಂಗಿಯೂ ಅವಳ ಪಕ್ಕದಲ್ಲೇ ಕುಳಿತು ಉಂಡಳು. ಮನೆಯವರೆಲ್ಲ ಒಟ್ಟಿಗೆ ಕುಳಿತು ಬೇಕಾದುದನ್ನು ತಾವೇ ಬಡಿಸಿಕೊಳ್ಳುವುದೆಂದು ಆಗ ಗೊತ್ತುಮಾಡಿಕೊಂಡೆವು.

ಈಗ ಮತ್ತೊಂದು ಸಂಬಂಧ ಬಂದಿದೆ. ಹುಡುಗಿಯನ್ನು ನೋಡಲು ಬರುವುದಕ್ಕೆ ಮೊದಲೇ ಅವರಿಗೆ ನಾನೊಂದು ಕಾಗದ ಬರೆದಿದ್ದೇನೆ. ಅವಳ ಓದು, ಕೆಲಸ, ಗುಣಗಳನ್ನು ಎಷ್ಟು ಬೇಕಾದರೂ ವಿಚಾರಿಸಬಹುದು, ಮೈಯ ಮಾತು ಮಾತ್ರ ನಮ್ಮ ಹೊಸ್ತಿಲ ಒಳಗೂ ಹೊರಗೂ ಬರಕೂಡದೆಂದು ತಿಳಿಸಿದ್ದೇನೆ. ಕಾಗದವನ್ನು ಅಂಚೆಗೆ ಹಾಕುವ ಮುನ್ನ ಅವಳಿಗೆ ಓದಿ ಹೇಳಿದೆನು. ಒಂದು ಅಕ್ಷರದೋಷವನ್ನು ತಿದ್ದಿ, ಹಾಕಿರೆಂದಳು. ಉತ್ತರವು ಇನ್ನೂ ಬಂದಿಲ್ಲ.