ಕೂಲಿಯ ಕೈಗಳೂ ಬಲಿಪೀಠವೂ

ಹೂವಿನ ಹಡಗಲಿಯ ಮಲ್ಲಿಗೆಯನ್ನು ಮೊಗ್ಗು ಬಿರಿಯುವ ಮೊದಲೇ ಬಿಡಿಸಬೇಕು. ಪರಿಮಳ ಹೊಮ್ಮುವ ಹೊತ್ತಿಗೆ ಅದು ಮತ್ತೊಬ್ಬರ ಮುಡಿಯಲ್ಲಿರುತ್ತದೆ. ಫಲವು ದುಡಿದವರಿಂದ ಹೀಗೆ ದೂರ ಸರಿಯುವುದನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೇವೆಗೆ ಹೋಗುವ ಗುರುಗಳು ಕಾಣದಿರಲಾರರು. ಅಲ್ಲಿನ ಭಕ್ತರ ಮುಂದೆ ದುಡಿಮೆಯ ಘನತೆ, ಆನಂದಗಳನ್ನು ಕುರಿತು ನಾವು ಏನನ್ನು ಬೋಧಿಸಬಲ್ಲೆವು?

ಈ ನೆಲಕ್ಕೆ ವಿಷಯ ಹೊಸತಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ಕೊಟ್ಟೂರಿನ ಜನರಿಗೆ ಅದನ್ನು ಹೊರಗಿನಿಂದ ಬಂದು ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ಜನರ ನುಡಿಯಲ್ಲಿ 'ಕಾಯಕ'ಕ್ಕಿರುವ ಗೌರವ 'ಕೂಲಿ'ಗೆ ಇಲ್ಲ. ನಮ್ಮ ಬೋಧನೆ ಈ ಬಿರುಕಿನಿಂದಲೇ ತೊಡಗಬೇಕು.

ಎಳೆಯ ವಯಸ್ಸಿನಲ್ಲಿ ಕಲ್ಲುಗಣಿಯಲ್ಲೂ ರಾಸಾಯನಿಕ ಕಾರ್ಖಾನೆಯಲ್ಲೂ ದುಡಿದಿದ್ದ ಜಗದ್ಗುರು ಎರಡನೆಯ ಜಾನ್ ಪೌಲರು 1981ರ 'ಲಬೋರೆಮ್ ಎಕ್ಸರ್ಸೆನ್ಸ್' ವಿಶ್ವಪತ್ರದಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿದರು: ಮಾಡಿದ ಕೆಲಸ ಬೇರೆ, ಮಾಡುವ ವ್ಯಕ್ತಿ ಬೇರೆ. ಘನತೆಯ ಮೂಲವಿರುವುದು ಎರಡನೆಯದರಲ್ಲಿ. ಆದ್ದರಿಂದ ಕಳೆ ಕೀಳುವ ಹೆಣ್ಣಾಳಿನ ಘನತೆಯನ್ನು ಆಕೆಯ ದಿನಗೂಲಿಯಿಂದ ಅಳೆಯಲಾಗದು. ಆಕೆ ದೇವರ ಪ್ರತಿರೂಪವಾಗಿದ್ದಾಳೆ. ನಜರೇತಿನವರು ಯೇಸುವನ್ನು ಬಡಗಿಯೆಂದು ಕರೆದದ್ದು ತಾತ್ಸಾರದಿಂದ (ಮಾರ್ಕ 6:3). ಎರಡನೆಯ ಶತಮಾನದ ಸಂತ ಜಸ್ಟಿನರಾದರೋ ಪ್ರಭು ನೇಗಿಲು, ನೊಗಗಳನ್ನು ಮಾಡುತ್ತಿದ್ದರೆಂದು ಅಭಿಮಾನದಿಂದಲೇ ಬರೆದರು. ಬೇಸಾಯದ ಸೀಮೆಯಲ್ಲಿ ಪ್ರಬೋಧನೆ ಮಾಡುವವರಿಗೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಕಿಲ್ಲ.

ಆನಂದದ ಮಾತನ್ನು ಮಾತ್ರ ಎಚ್ಚರದಿಂದ ಆಡಬೇಕು. ಆದಿಕಾಂಡದಲ್ಲಿ ತೋಟವನ್ನು ವ್ಯವಸಾಯ ಮಾಡಿ ಕಾಯುವ ಹೊಣೆ (2:15) ಪಾಪಕ್ಕೆ ಮೊದಲೇ ಬರುತ್ತದೆ. ಬೆವರಿನ ಮಾತು (3:19) ಅನಂತರದ್ದು. ದುಡಿಮೆ ಶಾಪವಲ್ಲ, ಅದಕ್ಕೆ ಅಂಟಿದ ಬವಣೆ ಪತನದ ಫಲ. ಆ ಬವಣೆಯನ್ನು ಶಿಲುಬೆಯೊಡನೆ ಒಂದಾಗಿಸಬಹುದು. ಹಾಗೆಂದು ಕೂಲಿ ತಡೆಹಿಡಿದವನ ಅನ್ಯಾಯವನ್ನು ಶಿಲುಬೆಯ ಹೆಸರಿನಲ್ಲಿ ಸಹಿಸಿಕೊಳ್ಳಿರೆನ್ನುವ ಅಧಿಕಾರ ಯಾವ ಗುರುವಿಗೂ ಇಲ್ಲ. ಹೊತ್ತು ಮುಳುಗುವ ಮುನ್ನ ಕೂಲಿ ಕೊಡಬೇಕೆಂದು ಧರ್ಮೋಪದೇಶಕಾಂಡ (24:15) ವಿಧಿಸುತ್ತದೆ. ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆಂದು ಯಕೋಬನು (5:4) ಎಚ್ಚರಿಸುತ್ತಾನೆ. ಧರ್ಮಕೇಂದ್ರದ ಅಡುಗೆಯವರಿಗೂ ಕಾವಲುಗಾರರಿಗೂ ನಾವು ಕೊಡುವ ಸಂಬಳವೂ ಈ ವಚನಗಳ ವ್ಯಾಪ್ತಿಗೆ ಸೇರಿದ್ದೇ.

ಹಾಗಾದರೆ ಆನಂದವೆಲ್ಲಿ? ಬಲಿಪೂಜೆಯ ಕಾಣಿಕೆಯಲ್ಲಿ ನಾವು ಎತ್ತುವುದು ಗೋಧಿಯ ಕಾಳನ್ನಲ್ಲ, ರೊಟ್ಟಿಯನ್ನು, ದ್ರಾಕ್ಷಿಯನ್ನಲ್ಲ, ರಸವನ್ನು. ಉತ್ತವರು, ಕೊಯ್ದವರು, ಬೀಸಿದವರು, ಸುಟ್ಟವರು ಎಲ್ಲರ ದುಡಿಮೆಯೂ ಅದರೊಳಗಿದೆ. ಅದೇ ಪ್ರಭುವಿನ ಶರೀರವಾಗುವುದಾದರೆ ದಿನದ ಬೆವರು ವ್ಯರ್ಥವಾಗಲಿಲ್ಲ. ದಣಿವು ಹಾಗೆಯೇ ಉಳಿದಿದ್ದರೂ ಮೂಡಬಲ್ಲ ಆನಂದವಿದು.

ಇಲ್ಲಿ ಆಚರಣೆಯ ಒಂದು ತೊಡಕೂ ಇದೆ. ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಶ್ರಮಿಕ ಸಂತ ಜೋಸೆಫರ ಹಬ್ಬವನ್ನು 1955ರಲ್ಲಿ ಸ್ಥಾಪಿಸಿ ಮೇ 1ಕ್ಕೆ ಗೊತ್ತುಮಾಡಿದರು. ಮಳೆಯನ್ನೇ ನಂಬಿದ ಕೂಡ್ಲಿಗಿಯಂಥ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಗುಳೆ ಹೋದ ಅನೇಕ ಕುಟುಂಬಗಳು ಆ ದಿನ ಇನ್ನೂ ದೂರದ ಊರುಗಳಲ್ಲಿ ಕಟ್ಟಡದ ಕೆಲಸದಲ್ಲಿರುತ್ತವೆ. ಶ್ರಮಿಕರ ಹಬ್ಬ ಶ್ರಮಿಕರಿಲ್ಲದೆ ನಡೆಯುತ್ತದೆ! ಆದುದರಿಂದ ಮೇ 1ರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಗುಳೆ ಹೋದವರನ್ನು ಸ್ಮರಿಸುವುದು, ಮುಂಗಾರಿಗೆ ಅವರು ಮರಳಿದ ಮೇಲೆ ಒಂದು ಭಾನುವಾರ ಬಿತ್ತನೆಯ ಬೀಜ, ಕುಡುಗೋಲು, ಗಾರೆ ಕರಣೆಗಳನ್ನು ಕಾಣಿಕೆಯ ಮೆರವಣಿಗೆಯಲ್ಲಿ ಅವರ ಕೈಯಿಂದಲೇ ತರಿಸಿ ಆಶೀರ್ವದಿಸುವುದು ಉಚಿತವೆಂದು ನಮಗೆ ತೋರುತ್ತದೆ. ಹಡಗಲಿಯ ಕಡೆಯಾದರೆ ಆ ದಿನದ ಬಲಿಪೀಠಕ್ಕೆ ಮಲ್ಲಿಗೆಯನ್ನು ಬಿಡಿಸಿದವರೇ ತಂದಿಡಲಿ.