ಕ್ಷಾಮಕಾಲದಲ್ಲಿ ಕಲೆಯ ಕಾರ್ಯ

ಹಸಿದವನಿಗೆ ಬೇಕಾದುದು ಅನ್ನ. ಚಿತ್ರವೂ ಅಲ್ಲ, ನಾಟಕವೂ ಅಲ್ಲ. ಆದುದರಿಂದ ವಿಪತ್ಕಾಲದಲ್ಲಿ ಕಲೆಯು ಕೇವಲ ವಿಲಾಸವೆಂಬ ಆಕ್ಷೇಪವು ಹಳೆಯದು, ತೂಕವುಳ್ಳದ್ದು. ಅದನ್ನು ಒರೆಗೆ ಹಚ್ಚಲು 1943ರ ಬಂಗಾಳದ ಕ್ಷಾಮವು ತಕ್ಕ ನಿದರ್ಶನ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ಬರುವುದು ನಿಂತಿತ್ತು. ಯುದ್ಧಕಾಲದ ಬೆಲೆಯೇರಿಕೆಯಿಂದ ಧಾನ್ಯವು ಬಡವರ ಕೈಗೆಟುಕದಾಗಿತ್ತು. ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತವರು ಸುಮಾರು 30 ಲಕ್ಷವೆಂದು ಅಂದಾಜು.

ಇಷ್ಟು ದೊಡ್ಡ ಸಂಖ್ಯೆಯನ್ನು ಬುದ್ಧಿಯು ಒಪ್ಪಿಕೊಂಡೀತು, ಹೃದಯವು ಗ್ರಹಿಸಲಾರದು. ಚಿತ್ರಕಾರ ಚಿತ್ತಪ್ರಸಾದರು 1943ರ ನವೆಂಬರಿನಲ್ಲಿ ಮಿಡ್ನಾಪುರ ಜಿಲ್ಲೆಯಲ್ಲಿ ಸಂಚರಿಸಿ, ಕಂಡವರ ರೇಖಾಚಿತ್ರಗಳನ್ನು ಬರೆದರು. ಹಲವೆಡೆ ಅವರ ಹೆಸರನ್ನೂ ಊರನ್ನೂ ನಮೂದಿಸಿದರು. ಲೆಕ್ಕದಲ್ಲಿ ಕರಗಿಹೋಗಲಿದ್ದ ಮನುಷ್ಯನು ಹೀಗೆ ಹೆಸರುಳ್ಳವನಾಗಿ ಉಳಿದನು. ಜೈನುಲ್ ಆಬೆದಿನ್ನರು ಕಲಕತ್ತೆಯ ಬೀದಿಗಳಲ್ಲಿ ಬಿದ್ದಿದ್ದ ತಾಯಿಮಕ್ಕಳನ್ನು ಅಗ್ಗದ ಕಾಗದದ ಮೇಲೆ ಕಪ್ಪು ಮಸಿಯ ಕೆಲವೇ ಗೆರೆಗಳಲ್ಲಿ ಮೂಡಿಸಿದರು.

ಮುಂಬಯಿಯಲ್ಲಿ ಪ್ರಕಟವಾದ ಚಿತ್ತಪ್ರಸಾದರ ‘ಹಂಗ್ರಿ ಬೆಂಗಾಲ್’ ಪುಸ್ತಿಕೆಯ ಪ್ರತಿಗಳನ್ನು ಬ್ರಿಟಿಷ್ ಸರಕಾರವು ವಶಪಡಿಸಿಕೊಂಡು ನಾಶಮಾಡಿತು. ಕಲೆಯು ನಿರುಪಯುಕ್ತವೆಂದು ಸರಕಾರ ಬಗೆದಿದ್ದರೆ ಆ ಶ್ರಮ ಅದಕ್ಕೆ ಬೇಕಾಗಿರಲಿಲ್ಲ. ಉಳಿದುಬಂದ ಪ್ರತಿಯ ಆಧಾರದಿಂದ ಆ ಕೃತಿಯು 2011ರಲ್ಲಿ ಮತ್ತೆ ಅಚ್ಚಾಯಿತು.

ಕಲೆಯನ್ನು ರಚಿಸುವಂತೆ ಅದನ್ನು ಅನುಭವಿಸುವುದೂ ಒಂದು ಕ್ರಿಯೆಯೇ. 1943ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಭಾರತೀಯ ಜನನಾಟ್ಯ ಸಂಘವು ಮರುವರ್ಷ ಕಲಕತ್ತೆಯಲ್ಲಿ ಬಿಜೊನ್ ಭಟ್ಟಾಚಾರ್ಯರ ‘ನವಾನ್ನ’ ನಾಟಕವನ್ನು ರಂಗಕ್ಕೆ ತಂದಿತು. ಊರು ತೊರೆದು ನಗರಕ್ಕೆ ಬಂದು ಭಿಕ್ಷೆಗಿಳಿದ ರೈತಕುಟುಂಬವೊಂದರ ಕಥೆಯದು. ಅಂಥವರನ್ನು ಪ್ರೇಕ್ಷಕರು ತಮ್ಮ ಬಾಗಿಲಲ್ಲೇ ಕಂಡಿದ್ದರು; ಆದರೆ ಪ್ರತಿದಿನ ಕಾಣುವ ದುಃಖಕ್ಕೆ ಕಣ್ಣು ಒಗ್ಗಿಹೋಗುತ್ತದೆ. ರಂಗಭೂಮಿಯು ಆ ಭಿಕ್ಷುಕನಿಗೆ ಹೊಲ, ಮನೆ, ಬಂಧುಬಳಗವಿದ್ದುದನ್ನು ತೋರಿಸಿತು. ಕೊನೆಯಲ್ಲಿ ಹಳ್ಳಿಗೆ ಮರಳಿದವರು ಹೊಸ ಬೆಳೆಯ ಹಬ್ಬವನ್ನು ಆಚರಿಸುತ್ತಾರೆ. ನಾಟಕದ ಹೆಸರೂ ಆ ಹಬ್ಬದ್ದೇ. ಸಂಘದ ಹಾಡು, ನೃತ್ಯಗಳ ತಂಡವು ಬಂಗಾಳದ ಹೊರಗೂ ಸಂಚರಿಸಿ ಕ್ಷಾಮಪರಿಹಾರಕ್ಕಾಗಿ ಹಣ ಕೂಡಿಸಿತು.

ಕಲೆಯು ಅನ್ನಕ್ಕೆ ಬದಲಿಯಲ್ಲ, ನಿಜ. ಆದರೆ ಅನ್ನವನ್ನು ಹಂಚಿಕೊಳ್ಳಬೇಕೆಂಬ ನಿರ್ಧಾರವು ಹಸಿದವನನ್ನು ತನ್ನಂತೆಯೇ ಮನುಷ್ಯನೆಂದು ಕಂಡಾಗ ಮಾತ್ರ ಹುಟ್ಟುತ್ತದೆ. ಆ ದೃಷ್ಟಿಯು ಮಂಕಾಗುವುದು ವಿಪತ್ಕಾಲದಲ್ಲಿಯೇ. ಕಲೆಯ ಅಗತ್ಯವು ಹೆಚ್ಚುವುದೂ ಆಗಲೇ.