ಪಿಗ್ಮಿ ಹುಟ್ಟಿದ ಜಿಲ್ಲೆಯವರು ನಾವು, ಮನೆಯ ಸಾಲದ ಲೆಕ್ಕ ಬೇಡವಾ?

ನಮಗೆ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಬರ್ತದೆ, ಪೈಥಾನ್ ಬರ್ತದೆ. ಆದರೆ ಮನೆಯಲ್ಲಿ ಒಟ್ಟು ಎಷ್ಟು ಸಾಲ ಉಂಟು, ಯಾವುದಕ್ಕೆ ಎಷ್ಟು ಬಡ್ಡಿ ಅಂತ ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಹತ್ತಿರ ಉತ್ತರ ಇಲ್ಲ. ಅಪ್ಪ ಅಮ್ಮ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಆದರೆ ಆ ಸಾಲದಲ್ಲಿ ದೊಡ್ಡ ಪಾಲು ಎಷ್ಟೋ ಮನೆಗಳಲ್ಲಿ ನಮ್ಮ ಕಾಲೇಜು ಫೀಸಿನದ್ದೇ. ಹಾಗಾಗಿ ಇದು ದೊಡ್ಡವರ ವಿಷಯ ಅಂತ ಸುಮ್ಮನಿರಲು ಆಗುವುದಿಲ್ಲ.

ಅದೂ ಅಲ್ಲದೆ ನಾವು ಇರುವುದು ಎಲ್ಲಿ? ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಇದೇ ಮಂಗಳೂರಿನಲ್ಲಿ. ಕಾರ್ಪೊರೇಶನ್ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಉಡುಪಿಯಲ್ಲಿ. ಆಗ ಉಡುಪಿಯೂ ನಮ್ಮದೇ ಜಿಲ್ಲೆ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟ್ ದಿನಾ ಮನೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಂಡು ಹೋಗುತ್ತಿದ್ದ. ಇಂದು ವಿಜಯಾ, ಸಿಂಡಿಕೇಟ್, ಕಾರ್ಪೊರೇಶನ್ ಎಂಬ ಹೆಸರುಗಳು ಬೋರ್ಡಿನಲ್ಲಿ ಇಲ್ಲ, 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳ ಜೊತೆ ವಿಲೀನ ಆದವು. ಆದರೆ ಪಿಗ್ಮಿ ಎಂಬ ಪದ ನಮ್ಮ ಅಂಗಡಿಗಳಲ್ಲಿ ಇನ್ನೂ ಉಂಟು. ಸಣ್ಣ ಮೊತ್ತ, ಆದರೆ ತಪ್ಪದೆ ಕಟ್ಟುವುದು: ಅದರ ಗುಟ್ಟು ಇಷ್ಟೇ. ಸಾಲ ತೀರಿಸುವುದಕ್ಕೂ ಇದೇ ಗುಟ್ಟು ನಡೆಯುತ್ತದೆ.

ಮೊದಲು ಒಂದು ಪಟ್ಟಿ

ಒಂದು ಹಾಳೆ ಅಥವಾ ಸ್ಪ್ರೆಡ್‌ಶೀಟ್ ತೆಗೆದುಕೊಳ್ಳಿ. ಪ್ರತಿ ಸಾಲಕ್ಕೆ ಒಂದು ಸಾಲು: ಯಾರಿಗೆ ಕೊಡಬೇಕು, ಬಾಕಿ ಎಷ್ಟು, ವರ್ಷದ ಬಡ್ಡಿ ಎಷ್ಟು, ತಿಂಗಳ ಕಂತು ಎಷ್ಟು, ಯಾವಾಗ ಮುಗಿಯುತ್ತದೆ. ಬ್ಯಾಂಕ್ ಸಾಲ, ಸಂಘದ ಸಾಲ, ಅಡವಿಟ್ಟ ಬಂಗಾರ, ಮೊಬೈಲ್ ಇಎಂಐ, ಮಾವನ ಹತ್ತಿರ ತಂದ ಕೈಸಾಲ, ಎಲ್ಲವೂ ಬರಲಿ. ಎಷ್ಟೋ ಮನೆಗಳಲ್ಲಿ ಅಮ್ಮನ ಸಂಘದ ಸಾಲ ಅಪ್ಪನಿಗೆ, ಅಪ್ಪನ ಕಾರ್ಡ್ ಬಾಕಿ ಅಮ್ಮನಿಗೆ ಪೂರ್ತಿ ಗೊತ್ತಿರುವುದಿಲ್ಲ. ಪಟ್ಟಿಯ ಮೊದಲ ಲಾಭವೇ ಇದು.

ಫ್ಲಾಟ್ ಬಡ್ಡಿ ಅಂದರೆ

"ಬರೀ 12 ಪರ್ಸೆಂಟ್" ಅಂತ ಯಾರಾದರೂ ಹೇಳಿದರೆ ಒಂದು ಪ್ರಶ್ನೆ ಕೇಳಿ: ಫ್ಲಾಟಾ, ರೆಡ್ಯೂಸಿಂಗಾ? 1 ಲಕ್ಷ ಸಾಲ, 12 ಪರ್ಸೆಂಟ್ ಫ್ಲಾಟ್, 2 ವರ್ಷ ಅಂತ ಇಟ್ಟುಕೊಳ್ಳಿ. ಬಡ್ಡಿ 24,000, ತಿಂಗಳ ಕಂತು 5,167 ರೂಪಾಯಿ. ಇಲ್ಲಿ ಮೋಸ ಎಲ್ಲಿ ಅಂದರೆ, ನೀವು ಪ್ರತಿ ತಿಂಗಳು ಅಸಲು ವಾಪಸ್ ಕೊಡುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೆ ಪೂರ್ತಿ 1 ಲಕ್ಷದ ಮೇಲೆಯೇ. ಉಳಿದಿರುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು 21.5 ಪರ್ಸೆಂಟ್ ಆಗುತ್ತದೆ. ಸ್ಪ್ರೆಡ್‌ಶೀಟಿನ ರೇಟ್ ಫಂಕ್ಷನ್‌ನಲ್ಲಿ ಹಾಕಿ ನೋಡಿ, ಅರ್ಧ ನಿಮಿಷದ ಕೆಲಸ.

2024ರ ಅಕ್ಟೋಬರ್ 1ರಿಂದ ಬ್ಯಾಂಕ್ ಮತ್ತು ಫೈನಾನ್ಸ್ ಕಂಪನಿಗಳು ಹೊಸ ರೀಟೇಲ್ ಸಾಲಗಳಿಗೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಉಂಟು. ಶುಲ್ಕ ಎಲ್ಲ ಸೇರಿಸಿದ ನಿಜವಾದ ವಾರ್ಷಿಕ ದರ ಅದರಲ್ಲಿ ಇರಬೇಕು, ಸಾಲ ತೆಗೆದುಕೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅಂದರೆ ಕನ್ನಡದಲ್ಲಿ ಕೊಡಿ ಅಂತ ಧೈರ್ಯವಾಗಿ ಕೇಳಬಹುದು.

ಮಿನಿಮಮ್ ಡ್ಯೂ ಎಂಬ ಬಾವಿ

ಕ್ರೆಡಿಟ್ ಕಾರ್ಡಿನಲ್ಲಿ 40,000 ಬಾಕಿ. ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್, ಮಿನಿಮಮ್ ಡ್ಯೂ 5 ಪರ್ಸೆಂಟ್ ಅಂತ ಇಟ್ಟುಕೊಳ್ಳೋಣ. ನೀವು 2,000 ಕಟ್ಟುತ್ತೀರಿ. ಅದರಲ್ಲಿ 1,400 ಬಡ್ಡಿ, ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 252. ಅಸಲಿಗೆ ಹೋದದ್ದು ಬರೀ 348 ರೂಪಾಯಿ! ಕಂತು ತಪ್ಪಲಿಲ್ಲ ಅಂತ ಸಮಾಧಾನ ಉಂಟು, ಸಾಲ ಮಾತ್ರ ಹಾಗೇ ಉಂಟು.

ಯಾವುದನ್ನು ಮೊದಲು ತೀರಿಸುವುದು?

ಎಲ್ಲ ಸಾಲಗಳ ಕಂತನ್ನೂ ತಪ್ಪದೆ ಕಟ್ಟಿ, ಕೈಯಲ್ಲಿ ಹೆಚ್ಚುವರಿ ಉಳಿದ ಹಣವನ್ನು ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹಾಕುವುದು ಲೆಕ್ಕದ ಪ್ರಕಾರ ಸರಿ. ಇನ್ನೊಂದು ದಾರಿ, ಅತಿ ಸಣ್ಣ ಸಾಲ ಮೊದಲು ಮುಗಿಸುವುದು. ಇದರಲ್ಲಿ ಬಡ್ಡಿ ಸ್ವಲ್ಪ ಜಾಸ್ತಿ ಹೋಗಬಹುದು, ಆದರೆ ಒಂದು ಸಾಲ ಮುಗಿಯಿತು ಎಂಬ ಖುಷಿ ಮನೆಯವರಿಗೆ ಬೇಗ ಸಿಗುತ್ತದೆ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೆ ಹೋಗಬೇಕು.

ನಮ್ಮ ಮನೆಗಳಲ್ಲಿ ಕಷ್ಟ ಬರುವುದು ಬಂಗಾರದ ವಿಷಯದಲ್ಲಿ. ಅಮ್ಮನ ಕರಿಮಣಿ ಸರ ಬ್ಯಾಂಕಿನಲ್ಲಿ ಉಂಟು ಅಂದರೆ ಮೊದಲು ಅದನ್ನೇ ಬಿಡಿಸಿಕೊಳ್ಳಬೇಕು ಅಂತ ಎಲ್ಲರ ಮನಸ್ಸು ಹೇಳುತ್ತದೆ. ಆದರೆ ಬಂಗಾರದ ಸಾಲ ವರ್ಷಕ್ಕೆ 10 ಪರ್ಸೆಂಟ್, ಕಾರ್ಡ್ 42 ಪರ್ಸೆಂಟ್ ಇದ್ದರೆ ಲೆಕ್ಕ ಉಲ್ಟಾ. ಅದೇ 40,000ಕ್ಕೆ ಬಂಗಾರದ ಮೇಲೆ ತಿಂಗಳ ಬಡ್ಡಿ 333 ರೂಪಾಯಿ, ಕಾರ್ಡಿನಲ್ಲಿ 1,400. ಹಾಗಾಗಿ ಮೊದಲು ಕಾರ್ಡ್ ಮುಗಿಸಬೇಕು. ಎರಡು ಷರತ್ತು ಮಾತ್ರ: ಬಂಗಾರದ ಸಾಲದ ಅವಧಿ ಮತ್ತು ಬಡ್ಡಿ ತಪ್ಪಬಾರದು, ತಪ್ಪಿದರೆ ಹರಾಜಿಗೆ ಹೋಗಬಹುದು. ಮತ್ತೆ ಖಾಲಿಯಾದ ಕಾರ್ಡನ್ನು ಪುನಃ ತುಂಬಿಸಬಾರದು.

ನಮ್ಮ ಹೆಸರಿನ ಸಾಲ

ಎಜುಕೇಶನ್ ಲೋನ್‌ನಲ್ಲಿ ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತ ಅಲ್ಲ. ಪ್ರತಿ ವರ್ಷದ ಶುರುವಿಗೆ 1 ಲಕ್ಷದಂತೆ 4 ವರ್ಷ ತೆಗೆದರೆ, 10 ಪರ್ಸೆಂಟ್ ಸರಳ ಬಡ್ಡಿಯಲ್ಲಿ ಮೊದಲ ಲಕ್ಷಕ್ಕೆ 5 ವರ್ಷ, ಉಳಿದವಕ್ಕೆ 4, 3, 2 ವರ್ಷದ ಬಡ್ಡಿ. ಒಟ್ಟು 1,40,000. ಕಂತು ಶುರುವಾಗುವ ದಿನ ಸಾಲ 4 ಲಕ್ಷ ಅಲ್ಲ, 5.4 ಲಕ್ಷ. 10 ವರ್ಷದ ಅವಧಿಗೆ ಇಎಂಐ ಸುಮಾರು 5,290ರ ಬದಲು 7,140 ಆಗುತ್ತದೆ.

ಓದುವಾಗಲೇ ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ ಇದು ತಪ್ಪುತ್ತದೆ. ಮೊದಲ ವರ್ಷ ತಿಂಗಳಿಗೆ 833, ಎರಡನೇ ವರ್ಷ 1,667. ಪೂರ್ತಿ ಆಗದಿದ್ದರೆ ಆದಷ್ಟು ಕಟ್ಟಿದರೂ ಲಾಭವೇ. ಟ್ಯೂಷನ್ ಹೇಳಿಕೊಟ್ಟು, ಇಂಟರ್ನ್‌ಶಿಪ್ ಸ್ಟೈಪೆಂಡ್‌ನಿಂದ ಇಷ್ಟು ಕಟ್ಟುವವರು ನಮ್ಮ ಮಧ್ಯೆಯೇ ಇದ್ದಾರೆ.

ಖರ್ಚು ಎಲ್ಲಿ ಇಳಿಸುವುದು?

ಚಾ ಬಿಟ್ಟರೆ ಸಾಲ ತೀರುವುದಿಲ್ಲ ಮಾರಾಯ್ರೆ. ಮೊದಲು ದೊಡ್ಡದು ನೋಡಬೇಕು. ಒಂದು ಸಮಾರಂಭಕ್ಕೆ 3 ಲಕ್ಷ ಪರ್ಸನಲ್ ಲೋನ್, 14 ಪರ್ಸೆಂಟ್, 5 ವರ್ಷ ಅಂದರೆ ತಿಂಗಳಿಗೆ ಸುಮಾರು 6,980 ರೂಪಾಯಿ, ಬಡ್ಡಿಯೇ 1.19 ಲಕ್ಷ. ಹಾಲ್ ಸಣ್ಣದು ಮಾಡಿದರೆ ಜನ ಒಂದು ವಾರ ಮಾತಾಡಬಹುದು, ಕಂತು ಮಾತ್ರ 60 ತಿಂಗಳು ಇರ್ತದೆ.

ನಂತರ ಪ್ರತಿ ತಿಂಗಳು ಬರುವವು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಏಪ್ರಿಲ್, ಮೇ ಸೆಕೆಗೆ ಎಸಿ ಹಾಕುವ ಮನೆಯವರು ತಿಂಗಳ ಮಧ್ಯದಲ್ಲಿ ಒಮ್ಮೆ ಮೀಟರ್ ನೋಡುವುದು ಒಳ್ಳೆಯದು. ಶಕ್ತಿ ಯೋಜನೆ ನಮ್ಮ ಖಾಸಗಿ ಸಿಟಿ ಬಸ್ಸುಗಳಲ್ಲಿ ಇಲ್ಲ, ಆದರೆ ಸರಕಾರಿ ಬಸ್ಸು ಇರುವ ರೂಟಿನಲ್ಲಿ ಅಮ್ಮ, ಅಕ್ಕಂದಿರಿಗೆ ಟಿಕೆಟ್ ಖರ್ಚೇ ಇಲ್ಲ. ಅಜ್ಜ ಅಜ್ಜಿಯ ಬಿಪಿ, ಶುಗರ್ ಮಾತ್ರೆಗಳ ಜೆನೆರಿಕ್ ಹೆಸರು ಡಾಕ್ಟರ ಹತ್ತಿರ ಕೇಳಿ, ಜನೌಷಧಿ ಕೇಂದ್ರದಲ್ಲಿ ಬೆಲೆ ಹೋಲಿಸಿ ನೋಡಿ. ಜೂನ್, ಜುಲೈ ಎರಡು ತಿಂಗಳು ಟ್ರಾಲಿಂಗ್ ನಿಷೇಧ, ಹಸಿಮೀನು ದುಬಾರಿ. ಆಗ ಒಣಮೀನು, ಹುರುಳಿ ಸಾರು ಮಾಡುವುದು ಅಜ್ಜಿಯಂದಿರಿಗೆ ಮೊದಲೇ ಗೊತ್ತಿದ್ದ ಬಜೆಟ್.

ಕಂತು ಕಟ್ಟಲು ಆಗದೇ ಹೋದರೆ

ಅಡಗಿ ಕೂರಬಾರದು. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ಹೆಚ್ಚಿಸಲು ಕೇಳಬೇಕು. ಒಂದು ಸಂಘದ ಸಾಲ ತೀರಿಸಲು ಇನ್ನೊಂದು ಸಂಘದ ಸಾಲ ತೆಗೆಯುವುದು ನಿಲ್ಲಬೇಕು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಇಲ್ಲ. ವಸೂಲಿಗೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಕಿರುಕುಳ ತಡೆಯಲು ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಬ್ಯಾಂಕ್, ಫೈನಾನ್ಸ್ ಕಂಪನಿ ಬಗ್ಗೆ ದೂರು ಇದ್ದರೆ ಮೊದಲು ಅವರಿಗೇ ಬರೆದು ಕೊಡಿ, ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ 14448 ನಂಬರ್ ಉಂಟು.

ಸಾಲ ಇರುವುದು ನಾಚಿಕೆಯ ವಿಷಯ ಅಲ್ಲ. ನಮ್ಮನ್ನು ಓದಿಸಲು ಮಾಡಿದ ಸಾಲವಂತೂ ಅಲ್ಲವೇ ಅಲ್ಲ. ಆದರೆ ಅಪ್ಪ ಅಮ್ಮ ಇಬ್ಬರೇ ರಾತ್ರಿ ಕೂತು ಲೆಕ್ಕ ಹಾಕುವ ಬದಲು ಮೂರನೆಯ ತಲೆಯೂ ಸೇರಿದರೆ ಅವರಿಗೆ ಎಷ್ಟೋ ಹಗುರ. ಈ ವೀಕೆಂಡ್ ಮನೆಗೆ ಹೋಗುವವರು ಲ್ಯಾಪ್‌ಟಾಪ್ ತೆಗೆದು, "ಅಮ್ಮಾ, ಎಲ್ಲ ಪಾಸ್‌ಬುಕ್ ಒಮ್ಮೆ ಕೊಡಿ" ಅಂತ ಕೇಳಿ ನೋಡಿ. ಮೊದಲು ಬೈಯಬಹುದು. ಪಟ್ಟಿ ಆದ ಮೇಲೆ ಖಂಡಿತ ಬೈಯುವುದಿಲ್ಲ.